ಎಲೆಕ್ಟ್ರಿಕ್ ಶೀಪ್: ಓಟು ಹಾಕುವವರಿಗೆ ಪೂರ್ತಿ ದಕ್ಕುವ ಸ್ಕ್ರೀನ್‌ಸೇವರ್

ಮೊದಲೇ ಹೇಳಿಬಿಡುತ್ತೇನೆ. ಎಲೆಕ್ಟ್ರಿಕ್ ಶೀಪ್ ಹಾಕಿಕೊಂಡು ಸುಮ್ನೆ ನೋಡುತ್ತಾ ಕೂರುವವರಿಗೆ ಇದೊಂದು ಚೆಂದದ ಸ್ಕ್ರೀನ್‌ಸೇವರ್, ಅಷ್ಟೇ. ಇದರಲ್ಲಿ ಓಡುವ ಒಂದೊಂದು ಚಲಿಸುವ ಚಿತ್ರವೂ ಒಂದು 'ಕುರಿ', ಎಲ್ಲ ಸೇರಿದರೆ ಮಂದೆ. ಚಿತ್ರ ಇಷ್ಟವೋ ಬೇಡವೋ ಅಂತ ಓಟು ಹಾಕುವವರಿಗೆ, ಆಮೇಲೆ ತಮ್ಮದೇ ಒಂದು ಕುರಿ ಮಾಡಿ ಮಂದೆಗೆ ಬಿಡುವವರಿಗೆ ಇದು ಬೇರೆಯದೇ ವಸ್ತು. ನಾನು ವರ್ಷಗಳಿಂದ ಬಳಸುತ್ತಿದ್ದೇನೆ. ಒಂದೆರಡು ವಾರದ ಬಳಕೆಯಲ್ಲಿ ಇದರ ಗುಣವೂ ಕಾಣುವುದಿಲ್ಲ, ಮಿತಿಯೂ ಕಾಣುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮದು ಬಳ್ಳಾರಿಯಲ್ಲಿ ಒಂದು ಚಿಕ್ಕ ಡಿಸೈನ್ ಅಂಗಡಿ. ಊರಿನ ಜೀನ್ಸ್ ಯೂನಿಟ್‌ಗಳಿಗೆ ಟ್ಯಾಗ್, ಲೇಬಲ್, ಹಿಂದಿನ ಜೇಬಿನ ಎಂಬ್ರಾಯ್ಡರಿ, ಇಂಥದ್ದೆಲ್ಲ ಮಾಡಿಕೊಡುತ್ತೇವೆ. ಗಿರಾಕಿ ಬಂದು ಕೂತಾಗ, ಪ್ರಿಂಟ್ ಆಗುವುದನ್ನು ಕಾಯುವಾಗ, ಪಕ್ಕದ ಖಾಲಿ ಕಂಪ್ಯೂಟರ್‌ನಲ್ಲಿ ಶೀಪ್ ಓಡುತ್ತಿರುತ್ತದೆ. ಹೊಗೆ, ರೇಷ್ಮೆ ನೂಲು, ನವಿಲುಗರಿ, ಬೆಂಕಿಯ ನಾಲಿಗೆ, ಎಲ್ಲವೂ ಸೇರಿ ಒಂದರೊಳಗೊಂದು ಕರಗುವ ಹಾಗೆ ಕಾಣುತ್ತದೆ. ನೋಡಿದವರು ಯಾರೂ 'ಇದೇನಣ್ಣ?' ಅಂತ ಕೇಳದೆ ಹೋಗಿಲ್ಲ.

ಇದೇನು ಅಂದರೆ, ಸ್ಕಾಟ್ ಡ್ರೇವ್ಸ್ ಎಂಬ ಅಮೆರಿಕದ ಕಲಾವಿದ, ಪ್ರೋಗ್ರಾಮರ್ 1999ರಲ್ಲಿ ಶುರು ಮಾಡಿದ ಯೋಜನೆ. ಅನ್ಯಗ್ರಹದ ಜೀವಿಗಳ ಸುಳಿವು ಹುಡುಕಲು ಜನರ ಮನೆಯ ಕಂಪ್ಯೂಟರ್‌ಗಳ ಖಾಲಿ ಹೊತ್ತನ್ನು ಬಳಸಿಕೊಳ್ಳುತ್ತಿದ್ದ ಸೆಟಿ ಅಟ್ ಹೋಮ್ ಎಂಬ ಯೋಜನೆ ಬಂದದ್ದೂ ಅದೇ ವರ್ಷ. ಅದೇ ಉಪಾಯವನ್ನು ಇವರು ಚಿತ್ರಕ್ಕೆ ತಂದರು. ನಿಮ್ಮ ಕಂಪ್ಯೂಟರ್ ಸುಮ್ಮನಿದ್ದಾಗ ಸ್ಕ್ರೀನ್‌ಸೇವರ್ ಏಳುತ್ತದೆ, ಇಂಟರ್ನೆಟ್ ಮೂಲಕ ಸರ್ವರ್‌ಗೆ ಸೇರಿಕೊಳ್ಳುತ್ತದೆ, ಯಾವುದೋ ಒಂದು ಅನಿಮೇಶನ್‌ನ ಒಂದೊಂದು ಫ್ರೇಮ್ (ಬಿಡಿ ಚಿತ್ರ) ಲೆಕ್ಕ ಹಾಕಿ ಕಳಿಸುತ್ತದೆ. ಹೀಗೆ ಎಲ್ಲೆಲ್ಲಿಯೋ ಇರುವ ಕಂಪ್ಯೂಟರ್‌ಗಳು ಮಾಡಿದ ಫ್ರೇಮ್‌ಗಳು ಒಟ್ಟಾಗಿ ಒಂದು 'ಕುರಿ' ಆಗುತ್ತದೆ. ಅದು ಎಲ್ಲರ ಪರದೆಗೂ ಬರುತ್ತದೆ. ಬಳ್ಳಾರಿಯ ನನ್ನ ಹಳೇ ಕಂಪ್ಯೂಟರ್ ಮಾಡಿದ ಫ್ರೇಮ್ ಇನ್ನೆಲ್ಲೋ ಒಬ್ಬರ ಮನೆಯಲ್ಲಿ ಕಾಣುತ್ತದೆ ಅನ್ನೋದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಚಿತ್ರ ಹುಟ್ಟುವ ಬಗೆಯನ್ನೂ ಸ್ವಲ್ಪ ಹೇಳಬೇಕು. ಅದು ಗೊತ್ತಿದ್ದರೆ ಓಟು ಹಾಕುವ ಕಣ್ಣೇ ಬದಲಾಗುತ್ತದೆ. ಇದರ ಹಿಂದಿರುವುದು ಫ್ರ್ಯಾಕ್ಟಲ್ ಫ್ಲೇಮ್ ಎಂಬ ವಿಧಾನ. ಇದನ್ನೂ ಡ್ರೇವ್ಸ್ ಅವರೇ 1992ರಲ್ಲಿ ಮಾಡಿದ್ದು. ಒಂದು ಚುಕ್ಕೆ ತಗೊಳ್ಳಿ. ಕೆಲವೇ ಕೆಲವು ಸೂತ್ರಗಳಿವೆ ಅಂದುಕೊಳ್ಳಿ. ಅದರಲ್ಲಿ ಯಾವುದೋ ಒಂದನ್ನು ಲಾಟರಿ ಎತ್ತಿದ ಹಾಗೆ ಆರಿಸಿ, ಅದು ಹೇಳಿದ ಜಾಗಕ್ಕೆ ಚುಕ್ಕೆಯನ್ನು ಸರಿಸಿ. ಮತ್ತೆ ಎತ್ತಿ, ಮತ್ತೆ ಸರಿಸಿ. ಲಕ್ಷಗಟ್ಟಲೆ, ಕೋಟಿಗಟ್ಟಲೆ ಸಲ. ಚುಕ್ಕೆ ಹೆಚ್ಚು ಸಲ ಬಿದ್ದ ಕಡೆ ಬೆಳಕು ಜಾಸ್ತಿ. ಆದರೆ ಸಾವಿರ ಸಲ ಬಿದ್ದ ಜಾಗವನ್ನು ಸಾವಿರ ಪಟ್ಟು ಬೆಳಗಿಸಿದರೆ ಉಳಿದದ್ದೆಲ್ಲ ಕತ್ತಲಾಗುತ್ತದೆ. ಹಾಗಾಗಿ ಎಣಿಕೆಯ ಲಾಗರಿದಮ್ (ದೊಡ್ಡ ಅಂಕಿಗಳ ಅಂತರವನ್ನು ತಗ್ಗಿಸುವ ಲೆಕ್ಕ) ತಗೊಂಡು ಬೆಳಕು ಕೊಡುತ್ತಾರೆ. ಆ ತೆಳು ಹೊಗೆಯಂಥ ಅಂಚುಗಳು ಕಾಣುವುದು ಇದರಿಂದಲೇ. ಬಣ್ಣವೂ ಹಾಗೇ ಸುಮ್ಮನೆ ಬಳಿದದ್ದಲ್ಲ. ಚುಕ್ಕೆ ಯಾವ ಯಾವ ಸೂತ್ರ ದಾಟಿ ಬಂತು ಅನ್ನುವುದರ ಮೇಲೆ ಬಣ್ಣ ಕೂರುತ್ತದೆ.

ಇನ್ನು ಚಲನೆ. ಸೂತ್ರಗಳನ್ನು ಒಂದು ಪೂರ್ತಿ ಸುತ್ತು ತಿರುಗಿಸುತ್ತಾರೆ. ಸುತ್ತು ಮುಗಿದಾಗ ಚಿತ್ರ ಮೊದಲಿನ ಜಾಗಕ್ಕೇ ಬಂದು ನಿಲ್ಲುವುದರಿಂದ ಎಲ್ಲಿ ಶುರು, ಎಲ್ಲಿ ಕೊನೆ ಗೊತ್ತಾಗುವುದಿಲ್ಲ. ಒಂದು ಕುರಿಯಿಂದ ಇನ್ನೊಂದಕ್ಕೆ ಹೋಗುವಾಗ ಇದರ ಸೂತ್ರಗಳ ಅಂಕಿಗಳು ಮೆಲ್ಲಗೆ ಅದರ ಅಂಕಿಗಳಾಗುತ್ತವೆ. ಆ ನಡುವಿನ ಸ್ಥಿತಿಗಳಲ್ಲೇ ಎಷ್ಟೋ ಸಲ ಎರಡೂ ಕುರಿಗಳಿಗಿಂತ ಚೆಂದದ ರೂಪ ಮೂಡಿ ಮಾಯವಾಗುತ್ತದೆ.

ಈಗ ಮುಖ್ಯ ವಿಷಯ. ಚಿತ್ರ ಓಡುತ್ತಿರುವಾಗ ಮೇಲಿನ ಬಾಣದ ಕೀ ಒತ್ತಿದರೆ ಇಷ್ಟವಾಯಿತು ಅಂತ, ಕೆಳಗಿನದು ಒತ್ತಿದರೆ ಬೇಡ ಅಂತ. ಓಟು ಹೆಚ್ಚು ಬಿದ್ದ ಕುರಿ ಹೆಚ್ಚು ಕಾಲ ಬದುಕುತ್ತದೆ, ಮರಿ ಹಾಕುತ್ತದೆ. ಮರಿ ಅಂದರೆ ಎರಡು ಕುರಿಗಳ ಅಂಕಿಗಳ ಬೆರಕೆ, ಇಲ್ಲವೇ ಒಂದರ ಅಂಕಿಗಳಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಬದಲಾವಣೆ. ಯಾರಿಗೂ ಬೇಡವಾದದ್ದು ಸಾಯುತ್ತದೆ. ಪ್ರತಿ ಕುರಿಗೂ ಒಂದು ನಂಬರ್ ಇದೆ, ಅದರ ಅಪ್ಪ ಅಮ್ಮ ಯಾರು, ಮರಿಗಳು ಯಾವುವು ಅಂತ ವಂಶಾವಳಿಯೂ ಸಿಗುತ್ತದೆ.

ನಮ್ಮ ಸೋದರಮಾವನ ಮನೆಯವರು ಕುರಿ ಸಾಕುವವರು. ಬಳ್ಳಾರಿ ಕುರಿ ಅಂತ ತಳಿಯೇ ಇದೆ ನಮ್ಮ ಕಡೆ, ಕಂಬಳಿ ಉಣ್ಣೆಗೆ ಹೆಸರಾದದ್ದು. ಮಾವ ಒಮ್ಮೆ ಅಂಗಡಿಗೆ ಬಂದಾಗ ಇದನ್ನೆಲ್ಲ ವಿವರಿಸಿದೆ. ಕೇಳಿ ಸ್ವಲ್ಪ ಹೊತ್ತು ಬಿಟ್ಟು, 'ಹಂಗಾದ್ರೆ ಟಗರು ಆರಿಸೋರು ಯಾರಪ್ಪ?' ಅಂದರು. ಈ ಸಾಫ್ಟ್‌ವೇರ್ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನಾನು ಕೇಳಿಲ್ಲ. ಮಂದೆ ಚೆನ್ನಾಗಿರುವುದು ಯಾವ ಟಗರನ್ನು ಉಳಿಸಿಕೊಳ್ಳುತ್ತೀರಿ ಅನ್ನುವುದರ ಮೇಲೆ. ಅವರ ಮಂದೆಯಲ್ಲಿ ಅದನ್ನು ಒಬ್ಬ ಅನುಭವಸ್ಥ ನೋಡಿ, ಮುಟ್ಟಿ, ನಡೆಸಿ ನೋಡಿ ಆರಿಸುತ್ತಾನೆ. ಇಲ್ಲಿ ಆರಿಸುವುದು ಲೆಕ್ಕವಿಲ್ಲದಷ್ಟು ಜನ, ಒಬ್ಬರಿಗೊಬ್ಬರು ಗೊತ್ತಿಲ್ಲದವರು, ಅದೂ ಬಹುಪಾಲು ಸ್ಕ್ರೀನ್‌ಸೇವರ್ ನೋಡುತ್ತಾ ಬೇರೇನೋ ಯೋಚನೆಯಲ್ಲಿರುವವರು.

ಇದರ ಪರಿಣಾಮ ವರ್ಷಗಟ್ಟಲೆ ನೋಡಿದರೆ ಮಾತ್ರ ಕಾಣುತ್ತದೆ. ಎಲ್ಲರಿಗೂ ಇಷ್ಟವಾಗುವುದು ಸಾಮಾನ್ಯವಾಗಿ ಮೊದಲ ನೋಟಕ್ಕೆ ಹೊಳೆಯುವ ಚಿತ್ರ. ನಡುವೆ ಒಂದು ಹೂವು, ಸುತ್ತ ಸಮನಾದ ದಳಗಳು, ನೀಲಿಯಿಂದ ಚಿನ್ನದ ಬಣ್ಣಕ್ಕೆ ಹೋಗುವ ಮಿಂಚು. ಇಂಥವು ಓಟು ಗಳಿಸುತ್ತವೆ, ಅವುಗಳ ಮರಿಗಳೂ ಹಾಗೇ ಇರುತ್ತವೆ. ಒಂದು ಕಡೆ ವಾಲಿದ, ಅರ್ಧ ಖಾಲಿ ಬಿಟ್ಟ, ಮಸುಕು ಬಣ್ಣದ ಕುರಿಯನ್ನು ನೋಡಲು ತಾಳ್ಮೆ ಬೇಕು. ಅದಕ್ಕೆ ಯಾರೂ ಕೆಟ್ಟದ್ದು ಅಂತ ಒತ್ತುವುದಿಲ್ಲ, ಒಳ್ಳೆಯದು ಅಂತಲೂ ಒತ್ತುವುದಿಲ್ಲ. ಹಾಗೇ ಸತ್ತುಹೋಗುತ್ತದೆ. ನನ್ನ ಮಟ್ಟಿಗೆ ಇದೇ ಈ ಯೋಜನೆಯ ದೊಡ್ಡ ಮಿತಿ. ಓಟು ಹಾಕುವವರು ಕಡಿಮೆಯಾದಷ್ಟೂ ಈ ಮಿತಿ ದೊಡ್ಡದಾಗುತ್ತದೆ.

ಡ್ರೇವ್ಸ್ ಅವರೇ ತಮ್ಮ ಸರ್ವರ್‌ನ 11 ವಾರಗಳ ಲೆಕ್ಕ ಇಟ್ಟುಕೊಂಡು 2005ರಲ್ಲಿ ಒಂದು ಪ್ರಬಂಧ ಬರೆದಿದ್ದಾರೆ. ಅದರ ತೀರ್ಮಾನ ನನ್ನ ಅನುಭವಕ್ಕೆ ತುಂಬಾ ಹತ್ತಿರ. ಓಟಿನಿಂದ ಕುರಿಗಳು ತಾವಾಗೇ ಒಳ್ಳೆಯದಾಗುತ್ತಾ ಹೋಗುವುದಕ್ಕಿಂತ, ಸೇರಿಕೊಂಡ ಜನರ ಕಲ್ಪನೆಯನ್ನು ಈ ವ್ಯವಸ್ಥೆ ಹಿಗ್ಗಿಸಿ ತೋರಿಸುತ್ತದೆ ಅನ್ನುತ್ತಾರೆ ಅವರು. ಅಂದರೆ ಯಾರೋ ಕೈಯಾರೆ ಮಾಡಿ ಬಿಟ್ಟ ಕುರಿಗಳೇ ಮಂದೆಯ ಜೀವ. ಓಟು ಆ ಜೀವವನ್ನು ಹಬ್ಬಿಸುತ್ತದೆ.

ಇದೇ ಜಾತಿಯ ಇನ್ನೊಂದು ಪ್ರಯೋಗ ಪಿಕ್‌ಬ್ರೀಡರ್. ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಕೆನೆತ್ ಸ್ಟಾನ್ಲಿ ಅವರ ಬಳಗ 2007ರಲ್ಲಿ ಮಾಡಿದ್ದು. ಅಲ್ಲಿ ಓಟಿನ ಒಟ್ಟು ಲೆಕ್ಕವಿಲ್ಲ. ಒಬ್ಬರು ಕೆಲವು ಚಿತ್ರಗಳಲ್ಲಿ ತಮಗೆ ಹಿಡಿಸಿದ್ದನ್ನು ಆರಿಸುತ್ತಾ ಹೋಗುತ್ತಾರೆ, ಹೊರಗೆ ಬಿಡುತ್ತಾರೆ. ಇನ್ನೊಬ್ಬರು ಅಲ್ಲಿಂದ ಕವಲೊಡೆಸಿ ಮುಂದಕ್ಕೆ ಒಯ್ಯುತ್ತಾರೆ. ಸ್ಟಾನ್ಲಿ ಅವರೇ ಒಂದು ಅನ್ಯಗ್ರಹ ಜೀವಿಯ ಮುಖ ತಗೊಂಡು ಆರಿಸುತ್ತಾ ಹೋದಾಗ ಅದರ ಕಣ್ಣುಗಳು ಚಕ್ರಗಳಾಗಿ ಕೊನೆಗೆ ಕಾರು ಆಯಿತು. ಕಾರು ಬೇಕು ಅಂತ ಹೊರಟಿದ್ದರೆ ಆ ಮುಖವನ್ನು ಯಾರೂ ಉಳಿಸುತ್ತಿರಲಿಲ್ಲ. ನನಗೆ ಇದರಿಂದ ಗೊತ್ತಾದದ್ದು ಇಷ್ಟು: ನೂರು ಜನರ ಸರಾಸರಿ ರುಚಿ ಹೊಸ ರೂಪ ಹುಟ್ಟಿಸುವುದಿಲ್ಲ. ಒಬ್ಬರ ಹಟದ ಕಣ್ಣು ಹುಟ್ಟಿಸುತ್ತದೆ, ನೂರು ಜನ ಅದನ್ನು ಬೆಳೆಸುತ್ತಾರೆ. ಎಲೆಕ್ಟ್ರಿಕ್ ಶೀಪ್‌ನಲ್ಲಿ ಎರಡಕ್ಕೂ ಜಾಗವಿದೆ. ಆದರೆ ಹೆಚ್ಚಿನವರು ಎರಡನ್ನೂ ಮಾಡದೆ ಬರೀ ನೋಡುತ್ತಾರೆ, ಅಲ್ವಾ?

ಹಾಗಾಗಿ ಅಂಗಡಿಯಲ್ಲಿ ನಾವು ಒಂದು ಪದ್ಧತಿ ಮಾಡಿಕೊಂಡೆವು. ಸಂಜೆ ಕೆಲಸ ಮುಗಿದ ಮೇಲೆ ಸ್ವಲ್ಪ ಹೊತ್ತು ಎಲ್ಲರೂ ಒಂದೇ ಪರದೆ ಮುಂದೆ ಕೂರುತ್ತೇವೆ. ಡಿಸೈನ್ ಮಾಡುವ ಹುಡುಗರು, ಎಂಬ್ರಾಯ್ಡರಿ ಮಶಿನ್ ಆಪರೇಟರ್, ಒಮ್ಮೊಮ್ಮೆ ಪಕ್ಕದ ಯೂನಿಟ್‌ನ ಕಟಿಂಗ್ ಮಾಸ್ಟರ್. ಓಟು ಒತ್ತುವ ಮೊದಲು ಯಾಕೆ ಅಂತ ಹೇಳಬೇಕು. ಚೆನ್ನಾಗಿದೆ ಅಂದರೆ ಸಾಲದು. ಕಟಿಂಗ್ ಮಾಸ್ಟರ್ ಕಣ್ಣು ಎಲ್ಲರಿಗಿಂತ ಚುರುಕು. ಬಟ್ಟೆ ಹರಡಿ ವರ್ಷಾನುಗಟ್ಟಲೆ ಗೆರೆ ನೋಡಿದವರು ಅವರು. 'ಇದರ ಗೆರೆ ಎಲ್ಲೂ ಕಡಿಯಲ್ಲ ನೋಡ್ರಿ, ಬಣ್ಣ ಮಾತ್ರ ಅವಸರದ್ದು' ಅಂತ ಅವರು ಹೇಳಿದರೆ ನಾವೆಲ್ಲ ಮತ್ತೊಮ್ಮೆ ನೋಡುತ್ತೇವೆ. ಮಸುಕು ಕುರಿಗಳಿಗೆ ನಮ್ಮ ಅಂಗಡಿಯಿಂದ ಓಟು ಹೋಗಲು ಶುರುವಾದದ್ದು ಹೀಗೆ. ಲೋಕದ ಮಂದೆಯಲ್ಲಿ ಅದರಿಂದ ಏನಾಯಿತೋ, ನಮ್ಮ ಹುಡುಗರ ಕಣ್ಣಂತೂ ಬದಲಾಯಿತು. ಟ್ಯಾಗ್ ಡಿಸೈನ್‌ನಲ್ಲಿ ಖಾಲಿ ಜಾಗ ಬಿಡುವುದನ್ನು ಅವರು ಕಲಿತದ್ದು ಈ ಸಂಜೆಗಳಲ್ಲೇ.

ನಿಮ್ಮದೇ ಕುರಿ ಮಾಡಬೇಕಾದರೆ ಫ್ಲೇಮ್ ಚಿತ್ರ ಮಾಡುವ ಅಪೋಫಿಸಿಸ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ. ವಿಂಡೋಸ್‌ಗೆ ಉಚಿತವಾಗಿ ಸಿಗುತ್ತದೆ. ಪ್ರತಿ ಸೂತ್ರವನ್ನೂ ಒಂದು ತ್ರಿಕೋನವಾಗಿ ತೋರಿಸುತ್ತದೆ. ತ್ರಿಕೋನವನ್ನು ಎಳೆದರೆ, ತಿರುಗಿಸಿದರೆ ಪಕ್ಕದಲ್ಲೇ ಚಿತ್ರ ಬದಲಾಗುತ್ತದೆ. ಗಣಿತ ಬರದವರೂ ಕಲಿಯಬಹುದು. ಅದರಲ್ಲಿ ಮ್ಯುಟೇಶನ್ ಅಂತ ಒಂದು ಕಿಟಕಿ ಇದೆ, ನಡುವೆ ನಿಮ್ಮ ಚಿತ್ರ, ಸುತ್ತ ಅದರ ಎಂಟು ರೂಪಾಂತರ. ಯಾವುದನ್ನು ಒತ್ತುತ್ತೀರೋ ಅದು ನಡುವಿಗೆ ಬರುತ್ತದೆ, ಮತ್ತೆ ಎಂಟು ಹುಟ್ಟುತ್ತವೆ. ಹೊಸಬರಿಗೆ ಮೊದಲು ಇದನ್ನೇ ಕೊಟ್ಟು ಕೂರಿಸಿ. ಫೈಲು ಬರೀ ಅಕ್ಷರ, ಅಂಕಿಗಳ ಚಿಕ್ಕ ಪಠ್ಯ. ವಾಟ್ಸಾಪ್‌ನಲ್ಲಿ ಗೆಳೆಯರಿಗೆ ಕಳಿಸಿದರೆ ಅವರು ಅದರ ಮೇಲೆ ಮುಂದುವರಿಸಬಹುದು. ನಮ್ಮ ಹುಡುಗರು ಹೊಸಪೇಟೆ, ಸಿರುಗುಪ್ಪದ ಗೆಳೆಯರ ಜೊತೆ ಹೀಗೇ ಒಂದು ಚಿತ್ರವನ್ನು ಕೈಯಿಂದ ಕೈಗೆ ದಾಟಿಸುತ್ತಾ ಬೆಳೆಸುತ್ತಾರೆ.

ನಮ್ಮ ಕಸುಬಿಗೆ ಇದು ಎಷ್ಟು ಒದಗುತ್ತದೆ ಅಂತ ಕೇಳುವವರಿದ್ದಾರೆ. ಎಂಬ್ರಾಯ್ಡರಿಗೆ ನೇರವಾಗಿ ಆಗುವುದಿಲ್ಲ. ಹೊಗೆಯಂಥ ಅಂಚನ್ನು ಹೊಲಿಗೆಯಲ್ಲಿ ತರಲಾಗದು. ಮೂರ್ನಾಲ್ಕು ಬಣ್ಣಕ್ಕೆ ಇಳಿಸಿ, ಗೆರೆ ಮಾತ್ರ ಎತ್ತಿಕೊಳ್ಳಬೇಕು. ಟ್ಯಾಗ್ ಪ್ರಿಂಟ್‌ಗೆ ಆಗುತ್ತದೆ, ಆದರೆ ಪರದೆಯ ಮೇಲಿನ ಆ ನೀಲಿ ಹೊಳಪು ಕಾಗದದ ಮೇಲೆ ಮಂಕಾಗುತ್ತದೆ. ಕಪ್ಪು ಹಿನ್ನೆಲೆಗೆ ಇಂಕು ಜಾಸ್ತಿ ಹೋಗುತ್ತದೆ. ಡೆನಿಮ್ ಮೇಲೆ ಲೇಸರ್‌ನಿಂದ ಬಣ್ಣ ಸುಡುವ ಕೆಲಸಕ್ಕೆ ಮಾತ್ರ ಇದು ಹೇಳಿ ಮಾಡಿಸಿದ್ದು. ಕಪ್ಪು ಬಿಳುಪು ಮಾಡಿ ಕೊಟ್ಟರೆ ಸಣ್ಣ ಸಣ್ಣ ನೆರಳೂ ಬಟ್ಟೆ ಮೇಲೆ ಇಳಿಯುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮಂದೆಯಿಂದ ಬಂದ ಚಿತ್ರವನ್ನು ಹಾಗೇ ಎತ್ತಿ ಮಾಲಿನ ಮೇಲೆ ಹಾಕಬೇಡಿ. ಅವುಗಳಿಗೆ ಕ್ರಿಯೇಟಿವ್ ಕಾಮನ್ಸ್ ಎಂಬ, ಷರತ್ತಿನ ಮೇಲೆ ಎಲ್ಲರಿಗೂ ಬಳಸಲು ಬಿಡುವ ಪರವಾನಗಿ ಇದೆ. ವ್ಯಾಪಾರಕ್ಕೆ ಮುಟ್ಟುವ ಮೊದಲು ಆ ಷರತ್ತುಗಳನ್ನು ಓದಿಕೊಳ್ಳಿ. ಅದು ಬರೀ ಕಾನೂನಿನ ಮಾತಲ್ಲ. ಅಷ್ಟು ಜನ ಕರೆಂಟು, ಹೊತ್ತು, ಓಟು ಕೊಟ್ಟು ಬೆಳೆಸಿದ್ದನ್ನು ಒಬ್ಬರ ಬ್ರ್ಯಾಂಡ್ ಮಾಡಿಕೊಳ್ಳುವುದು ಸರಿಯಲ್ಲ. ನಾವು ಗಿರಾಕಿಗೆ ಕೊಡುವುದು ಅಪೋಫಿಸಿಸ್‌ನಲ್ಲಿ ಸೊನ್ನೆಯಿಂದ ನಾವೇ ಮಾಡಿದ್ದನ್ನು ಮಾತ್ರ. ಈಗಿನ ಎಐ ಚಿತ್ರಗಳ ಜೊತೆ ಹೋಲಿಸಿ ಕೇಳುವವರಿಗೂ ಇದೇ ಉತ್ತರ. ಆರ್ಟ್‌ಬ್ರೀಡರ್‌ನಂಥ ಎಐ ತಾಣದಲ್ಲೂ ಚಿತ್ರಗಳನ್ನು ಬೆರೆಸಿ ಮರಿ ಮಾಡಬಹುದು, ಫಲಿತಾಂಶ ಫೋಟೋದಷ್ಟು ನಿಜ ಕಾಣುತ್ತದೆ. ಆದರೆ ಅದರ ಹಿಂದೆ ಯಾರ್ಯಾರದೋ ಫೋಟೋ ನೋಡಿ ಕಲಿತ ಮಾದರಿ ಇದೆ. ಫ್ಲೇಮ್‌ನಲ್ಲಿ ಇರುವುದು ಸೂತ್ರ, ಅಂಕಿ, ಆರಿಸಿದವರ ಕಣ್ಣು. ನನಗೆ ಈ ಶುಚಿ ಮುಖ್ಯ.

ಹಾಕಿಕೊಳ್ಳುವವರಿಗೆ ಬಳ್ಳಾರಿ ಬಿಸಿಲಿನ ಸಲಹೆ ಒಂದಿಷ್ಟು. ಫ್ರೇಮ್ ಲೆಕ್ಕ ಹಾಕುವಾಗ ಪ್ರೊಸೆಸರ್ ಪೂರ್ತಿ ದುಡಿಯುತ್ತದೆ. ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಏಸಿ ಇಲ್ಲದ ಕೋಣೆಯಲ್ಲಿ ಆ ಕೆಲಸ ನಿಲ್ಲಿಸಿಡಿ. ನೋಡುವುದು, ಓಟು ಹಾಕುವುದು ಆಗಲೂ ನಡೆಯುತ್ತದೆ. ಮಳೆಗಾಲ, ಚಳಿಗಾಲದ ರಾತ್ರಿಗಳಲ್ಲಿ ಬಿಟ್ಟರೆ ಸಾಕು, ಆದರೂ ಕರೆಂಟ್ ಬಿಲ್ ಮೇಲೆ ಕಣ್ಣಿಡಿ. ಕುರಿಗಳೆಲ್ಲ ವಿಡಿಯೋ ಫೈಲುಗಳು, ಡೌನ್‌ಲೋಡ್ ಆಗುತ್ತಲೇ ಇರುತ್ತವೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಓಡಿಸಬೇಡಿ. ಎಷ್ಟು ಜಾಗ ತಿನ್ನಬಹುದು ಅಂತ ಸೆಟ್ಟಿಂಗ್‌ನಲ್ಲಿ ಮಿತಿ ಹಾಕಬಹುದು, ಮೊದಲ ದಿನವೇ ಹಾಕಿ. ಒಮ್ಮೆ ಇಳಿದ ಕುರಿಗಳು ಕಂಪ್ಯೂಟರ್‌ನಲ್ಲೇ ಇರುತ್ತವೆ, ಹಾಗಾಗಿ ನೆಟ್ ಇಲ್ಲದಾಗಲೂ ಚಿತ್ರ ನಿಲ್ಲುವುದಿಲ್ಲ. ಹೆಚ್ಚು ಸ್ಪಷ್ಟವಾದ ಗೋಲ್ಡ್ ಕುರಿಗಳಿಗೆ ದುಡ್ಡು ಕೊಡಬೇಕು. ದೊಡ್ಡ ಟಿವಿ ಮೇಲೆ ಹಾಕುವವರಿಗೆ ಸರಿ, ಅಂಗಡಿಯ ಸಾಮಾನ್ಯ ಮಾನಿಟರ್‌ಗೆ ಉಚಿತದ್ದೇ ಸಾಕು.

ನನಗೆ ಇನ್ನೂ ಬೇಕಿರುವುದು ಒಂದೇ. ಓಟು ಹಾಕುವಾಗ ಯಾಕೆ ಅಂತ ಒಂದು ಸಾಲು ಬರೆಯುವ ಜಾಗ, ಅದು ಆ ಕುರಿಯ ವಂಶಾವಳಿಯ ಜೊತೆ ಉಳಿಯಬೇಕು. ಕಟಿಂಗ್ ಮಾಸ್ಟರ್ ಹೇಳಿದ ಮಾತು ಮುಂದೆ ಅದೇ ಕುರಿಯ ಮರಿಯನ್ನು ನೋಡುವವರಿಗೂ ಸಿಗಬೇಕು. ಸದ್ಯಕ್ಕೆ ನಾವು ಕುರಿಯ ನಂಬರಿನ ಮುಂದೆ ಅದನ್ನು ಅಂಗಡಿಯ ರಿಜಿಸ್ಟರ್‌ನಲ್ಲಿ ಬರೆದಿಡುತ್ತಿದ್ದೇವೆ. ಬಳ್ಳಾರಿ ಸುತ್ತಮುತ್ತ ಬಳಸುವವರಿದ್ದರೆ ನೀವೂ ಹೀಗೆ ಬರೆದಿಡಿ, ಪಟ್ಟಿಗಳನ್ನು ಹೋಲಿಸಿ ನೋಡೋಣ.