ಕ್ಲೌಡ್‌ವಾಚ್‌ನಲ್ಲಿ ಕಾಣೆಯಾಗುವ ಕಸ್ಟಮ್ ಮೆಟ್ರಿಕ್‌ಗಳು: ಬಳಕೆದಾರನೊಬ್ಬನ ವಿಮರ್ಶೆ

ಸರ್ವರ್ ಮತ್ತು ತಂತ್ರಾಂಶಗಳ ಸ್ಥಿತಿಯನ್ನು ಅಂಕಿಗಳಲ್ಲಿ ಗಮನಿಸುವ, ಅಮೆಜಾನ್ ವೆಬ್ ಸರ್ವೀಸಸ್‌ನ ಕ್ಲೌಡ್‌ವಾಚ್ ಸೇವೆ 2009ರಿಂದ ಬಳಕೆಯಲ್ಲಿದೆ. ಗ್ರಾಹಕರು ತಮ್ಮದೇ ಅಳತೆಗಳನ್ನು, ಅಂದರೆ ಕಸ್ಟಮ್ ಮೆಟ್ರಿಕ್‌ಗಳನ್ನು, ಅದಕ್ಕೆ ಕಳುಹಿಸುವ ಸೌಲಭ್ಯ 2011ರಲ್ಲಿ ಸೇರಿತು. ಈ ವಿಮರ್ಶೆ ಆ ಸೌಲಭ್ಯಕ್ಕೆ ಮಾತ್ರ ಸಂಬಂಧಿಸಿದ್ದು. ಬೆಂಗಳೂರಿನ ಒಂದು ಸಣ್ಣ ತಂಡದಲ್ಲಿ, ಬಸ್ ಟಿಕೆಟ್ ಕಾಯ್ದಿರಿಸುವ ತಂತ್ರಾಂಶವೊಂದರ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸಕ್ಕಾಗಿ ನಾನು ಇದನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಈ ಸೇವೆ ಕೊಟ್ಟದ್ದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತದೆ, ಆದರೆ ಎಲ್ಲಿಟ್ಟಿದ್ದೇನೆಂದು ತಾನಾಗಿ ಹೇಳುವುದಿಲ್ಲ. ‘ಮೆಟ್ರಿಕ್ ಬರುತ್ತಿಲ್ಲ’ ಎಂದು ನಮ್ಮಲ್ಲಿ ಎದ್ದ ದೂರುಗಳಲ್ಲಿ ಹೆಚ್ಚಿನವು, ಬಂದು ಸೇರಿದ್ದರೂ ನಾವು ನೋಡದ ಜಾಗದಲ್ಲಿ ಕುಳಿತಿದ್ದ ಮೆಟ್ರಿಕ್‌ಗಳ ಕುರಿತಾದವು.

ಕಸ್ಟಮ್ ಮೆಟ್ರಿಕ್‌ನ ಅಗತ್ಯ ಬೀಳುವುದು ಬಹಳ ಸಾಮಾನ್ಯವಾದ ಒಂದು ಕಾರಣಕ್ಕೆ. ಅಮೆಜಾನ್ ಬಾಡಿಗೆಗೆ ಕೊಡುವ ಇಸಿ2 ಸರ್ವರ್‌ನ ಸಿಪಿಯು ಮತ್ತು ನೆಟ್‌ವರ್ಕ್ ಬಳಕೆಯನ್ನು ಹೊರಗಿನಿಂದಲೇ ಅಳೆಯಬಹುದಾದ್ದರಿಂದ ಅವು ತಾವಾಗಿ ಸಿಗುತ್ತವೆ. ಮೆಮೊರಿ ಎಷ್ಟು ಖರ್ಚಾಗಿದೆ, ಡಿಸ್ಕ್ ಎಷ್ಟು ತುಂಬಿದೆ ಎಂಬುದು ಆಪರೇಟಿಂಗ್ ಸಿಸ್ಟಮ್‌ಗೆ ಮಾತ್ರ ಗೊತ್ತಿರುವ ಸಂಗತಿಯಾದ್ದರಿಂದ, ಸರ್ವರ್‌ನೊಳಗೆ ಕ್ಲೌಡ್‌ವಾಚ್ ಏಜೆಂಟ್ ಎಂಬ ತಂತ್ರಾಂಶವನ್ನು ಕೂರಿಸಬೇಕಾಗುತ್ತದೆ. ಹೊಸಬರ ಮೊದಲ ಹುಡುಕಾಟ ಇಲ್ಲಿಂದಲೇ ಆರಂಭವಾಗುತ್ತದೆ: ಏಜೆಂಟ್ ಕಳುಹಿಸುವ ಮೆಟ್ರಿಕ್‌ಗಳು, ನಾವು ಬೇರೆ ಹೆಸರು ಕೊಡದಿದ್ದರೆ, ‘ಸಿಡಬ್ಲ್ಯುಏಜೆಂಟ್’ ಎಂಬ ನೇಮ್‌ಸ್ಪೇಸ್‌ಗೆ, ಅಂದರೆ ಮೆಟ್ರಿಕ್‌ಗಳನ್ನು ಗುಂಪು ಮಾಡಿಡುವ ವಿಭಾಗಕ್ಕೆ, ಹೋಗಿ ಸೇರುತ್ತವೆ, ಹುಡುಕುವವರು ಇಸಿ2ರ ನೇಮ್‌ಸ್ಪೇಸ್‌ನಲ್ಲಿ ಹುಡುಕುತ್ತಿರುತ್ತಾರೆ.

ಸೇವೆಯ ತಿರುಳು, ಮೆಟ್ರಿಕ್ಕನ್ನು ಕಳುಹಿಸಲು ತಂತ್ರಾಂಶ ಮಾಡುವ ‘ಪುಟ್‌ಮೆಟ್ರಿಕ್‌ಡೇಟಾ’ ಎಂಬ ಕರೆ. ಕಳುಹಿಸಿದ ದತ್ತಾಂಶದ ರೂಪ ತಪ್ಪಿದ್ದರೆ ಅದು ಕೂಡಲೇ ದೋಷವನ್ನು ತಿಳಿಸುತ್ತದೆ. ರೂಪ ಸರಿಯಿದ್ದು ವಿಳಾಸ ತಪ್ಪಿದ್ದರೆ ಯಶಸ್ಸಿನ ಸಂಕೇತವಷ್ಟೇ ಬರುತ್ತದೆ. ಇದು ಹೊಸ ಮೆಟ್ರಿಕ್ಕೋ ಹಳೆಯದರ ಮುಂದುವರಿಕೆಯೋ ಎಂಬ ಸುಳಿವು ಅದರಲ್ಲಿ ಇರುವುದಿಲ್ಲ. ಈ ಮೌನಕ್ಕೆ ಅತಿ ದೊಡ್ಡ ಬೆಲೆ ತೆರಬೇಕಾಗುವುದು ಡೈಮೆನ್ಷನ್‌ಗಳ, ಅಂದರೆ ಮೆಟ್ರಿಕ್‌ಗೆ ಅಂಟಿಸುವ ಹೆಸರು-ಮೌಲ್ಯದ ಜೋಡಿಗಳ, ವಿಷಯದಲ್ಲಿ.

ಒಂದು ಮೆಟ್ರಿಕ್‌ಗೆ 30ರವರೆಗೆ ಡೈಮೆನ್ಷನ್‌ಗಳನ್ನು ಅಂಟಿಸಬಹುದು. ಇವುಗಳನ್ನು ವಿವರಣೆಯ ಚೀಟಿಗಳೆಂದು ತಿಳಿದರೆ ಎಡವುತ್ತೇವೆ. ಕ್ಲೌಡ್‌ವಾಚ್‌ನ ಕಣ್ಣಿಗೆ ಇವು ಮೆಟ್ರಿಕ್‌ನ ಹೆಸರಿನದೇ ಭಾಗ. ‘ಸೇವೆ’ ಮತ್ತು ‘ಪರಿಸರ’ ಎಂಬ ಎರಡು ಡೈಮೆನ್ಷನ್‌ಗಳೊಡನೆ ಕಳುಹಿಸಿದ ಮೆಟ್ರಿಕ್ಕನ್ನು ‘ಸೇವೆ’ ಒಂದನ್ನೇ ಹೇಳಿ ಕೇಳಿದರೆ ಉತ್ತರ ಬರುವುದಿಲ್ಲ, ಏಕೆಂದರೆ ಆ ಹೆಸರಿನ ಮೆಟ್ರಿಕ್ ಅದರ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ಭೂಮಿ ಜಾಲತಾಣದಲ್ಲಿ ಪಹಣಿ ತೆಗೆಸಿದವರಿಗೆ ಇದು ಬೇಗ ಅರ್ಥವಾದೀತು: ಹೋಬಳಿ, ಗ್ರಾಮ, ಸರ್ವೆ ನಂಬರ್ ಎಲ್ಲವೂ ಸರಿಯಿದ್ದು ಹಿಸ್ಸಾ ನಂಬರ್ ಮಾತ್ರ ಬೇರೆಯಾದರೆ ತೆರೆಯ ಮೇಲೆ ಬರುವುದು ಇನ್ನೊಬ್ಬರ ಜಮೀನಿನ ದಾಖಲೆ. ಕ್ಲೌಡ್‌ವಾಚ್‌ನಲ್ಲಿ ಇನ್ನೊಬ್ಬರದ್ದೂ ಬರದೆ ಖಾಲಿ ಗ್ರಾಫ್ ಬರುತ್ತದೆ. ದೊಡ್ಡಕ್ಷರ, ಸಣ್ಣಕ್ಷರಗಳ ಭೇದವನ್ನೂ ಅದು ಕಟ್ಟುನಿಟ್ಟಾಗಿ ಪಾಲಿಸುವುದರಿಂದ, ಒಂದು ಸರ್ವರ್ ತನ್ನ ಪರಿಸರದ ಹೆಸರನ್ನು ದೊಡ್ಡ ಪಿ ಅಕ್ಷರದಿಂದಲೂ ಇನ್ನೊಂದು ಸಣ್ಣ ಪಿ ಅಕ್ಷರದಿಂದಲೂ ಬರೆದರೆ ಎರಡು ಪ್ರತ್ಯೇಕ ಮೆಟ್ರಿಕ್‌ಗಳು ಹುಟ್ಟಿಕೊಳ್ಳುತ್ತವೆ.

ದಸರಾ ರಜೆಯ ಹಿಂದಿನ ಸಂಜೆ ನಮಗೆ ಆದದ್ದು ಇದೇ, ಮತ್ತು ತಪ್ಪು ಪೂರ್ತಿ ನಮ್ಮದೇ. ಹಣ ಪಾವತಿಯಾಗಿ ಟಿಕೆಟ್ ಮುದ್ರಣಕ್ಕೆ ಕಾದಿರುವ ಬುಕಿಂಗ್‌ಗಳ ಸಂಖ್ಯೆಯನ್ನು ನಾವು ಒಂದು ಮೆಟ್ರಿಕ್ ಆಗಿ ಕಳುಹಿಸುತ್ತಿದ್ದೆವು. ಸಹೋದ್ಯೋಗಿಯೊಬ್ಬರು ಒಳ್ಳೆಯ ಉದ್ದೇಶದಿಂದಲೇ, ತಂತ್ರಾಂಶದ ಆವೃತ್ತಿ ಸಂಖ್ಯೆಯನ್ನು ಮೂರನೆಯ ಡೈಮೆನ್ಷನ್ ಆಗಿ ಸೇರಿಸಿದರು. ಹೊಸ ಕೋಡ್ ಸರ್ವರ್‌ಗೆ ಏರಿದ ನಿಮಿಷಕ್ಕೇ ಡ್ಯಾಶ್‌ಬೋರ್ಡಿನ ಗೆರೆ ಕತ್ತರಿಸಿದಂತೆ ನಿಂತುಹೋಯಿತು. ಅನುಮತಿ ನೋಡಿದೆವು, ನೆಟ್‌ವರ್ಕ್ ನೋಡಿದೆವು, ಕೊನೆಗೆ ಹೊಸ ಕೋಡನ್ನೇ ಹಿಂದಕ್ಕೆ ತೆಗೆಯುವ ಮಾತೂ ಬಂತು. ಎರಡು ಗಂಟೆ ಕಳೆದ ಮೇಲೆ ಯಾರೋ ‘ಲಿಸ್ಟ್-ಮೆಟ್ರಿಕ್ಸ್’ ಆಜ್ಞೆಯನ್ನು ಓಡಿಸಿದಾಗ ಅದೇ ಹೆಸರಿನ ಮೆಟ್ರಿಕ್ ಮೂರು ಡೈಮೆನ್ಷನ್‌ಗಳ ಹೊಸ ವೇಷದಲ್ಲಿ ಕಾಣಿಸಿತು. ಒಂದು ಅಂಕಿಯೂ ಕಳೆದಿರಲಿಲ್ಲ. ಹಳೆಯದೂ ಪಟ್ಟಿಯಲ್ಲಿ ಹಾಗೆಯೇ ಇತ್ತು. ಎರಡು ವಾರಗಳ ಕಾಲ ದತ್ತಾಂಶ ಬಾರದ ಮೆಟ್ರಿಕ್ಕನ್ನಷ್ಟೇ ಆ ಪಟ್ಟಿ ಬಿಟ್ಟುಬಿಡುತ್ತದಾದ್ದರಿಂದ, ಸತ್ತದ್ದೂ ಬದುಕಿರುವುದೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಕಳೆದ ಮೂರು ಗಂಟೆಗಳಲ್ಲಿ ದತ್ತಾಂಶ ಬಂದವುಗಳನ್ನು ಮಾತ್ರ ತೋರಿಸೆಂದು ಕೇಳುವ ಆಯ್ಕೆ ಆ ಆಜ್ಞೆಯಲ್ಲಿದೆ. ಅದು ಆ ಸಂಜೆ ನಮಗೆ ಗೊತ್ತಿದ್ದರೆ ಕೆಲಸ ಐದು ನಿಮಿಷದ್ದಾಗಿತ್ತು.

ಹಲವು ಡೈಮೆನ್ಷನ್‌ಗಳಲ್ಲಿ ಚದುರಿದ ಅಂಕಿಗಳನ್ನು ಒಟ್ಟುಗೂಡಿಸಲು ಸರ್ಚ್ ಸೂತ್ರ ಇದೆಯಾದರೂ, ಅದರ ಮೇಲೆ ಅಲಾರಂ ಕಟ್ಟಲು ಬರುವುದಿಲ್ಲ. ಮೆಟ್ರಿಕ್ಸ್ ಇನ್‌ಸೈಟ್ಸ್ ಎಂಬ ಪ್ರಶ್ನಾಭಾಷೆ ಬಂದ ಮೇಲೆ ಈ ಕೊರತೆ ಬಹುಮಟ್ಟಿಗೆ ನೀಗಿದೆ. ಏಜೆಂಟ್ ಬಳಸುವವರು ಅದರ ಸಂರಚನೆಯಲ್ಲೇ, ಯಾವ ಯಾವ ಡೈಮೆನ್ಷನ್‌ಗಳ ಮಟ್ಟದಲ್ಲಿ ಮೊತ್ತ ಬೇಕೆಂದು ಮೊದಲೇ ಬರೆದಿಡುವುದು ಇನ್ನೂ ಒಳ್ಳೆಯದು. ಹಾಗೆ ಮಾಡದೆ ಇನ್‌ಸ್ಟನ್ಸ್ ಐಡಿಯನ್ನೇ, ಅಂದರೆ ಒಂದೊಂದು ಸರ್ವರ್‌ನ ಗುರುತನ್ನೇ, ನೆಚ್ಚಿಕೊಂಡರೆ, ದಟ್ಟಣೆಗೆ ತಕ್ಕಂತೆ ಸರ್ವರ್‌ಗಳನ್ನು ಹೆಚ್ಚುಕಡಿಮೆ ಮಾಡುವ ಆಟೋ ಸ್ಕೇಲಿಂಗ್ ಒಂದು ಸರ್ವರ್ ತೆಗೆದು ಇನ್ನೊಂದನ್ನು ತಂದ ದಿನ ಗ್ರಾಫ್ ಬರಿದಾಗುತ್ತದೆ.

ಇನ್ನು ಕಾಲದ ಲೆಕ್ಕ. ಹೊಸದಾಗಿ ಹುಟ್ಟಿದ ಮೆಟ್ರಿಕ್‌ನ ಹೆಸರು ಪಟ್ಟಿಯಲ್ಲಿ ಕಾಣಿಸಲು 15 ನಿಮಿಷಗಳವರೆಗೆ ಹಿಡಿಯಬಹುದೆಂದು ಕೈಪಿಡಿಯೇ ಹೇಳುತ್ತದೆ. ಅವಸರದವರು ಅಷ್ಟರೊಳಗೆ ಸಂರಚನೆಯನ್ನು ಮೂರು ಬಾರಿ ಬದಲಿಸಿ, ಕೊನೆಗೆ ಯಾವುದು ಕೆಲಸ ಮಾಡಿತೆಂದು ತಿಳಿಯದೆ ಕೂರುತ್ತಾರೆ. ದತ್ತಾಂಶದ ಕಾಲಮುದ್ರೆ ಎರಡು ವಾರಗಳಷ್ಟು ಹಿಂದಿನದಾಗಿರಬಹುದು ಅಥವಾ ಎರಡು ಗಂಟೆಗಳಷ್ಟು ಮುಂದಿನದಾಗಿರಬಹುದು, ಅದರಾಚೆಯದು ಸ್ವೀಕಾರವಾಗುವುದಿಲ್ಲ. ಮೂರರಿಂದ 24 ಗಂಟೆ ಹಳೆಯದಾದ ಅಂಕಿ ಓದಲು ಸಿಗುವುದಕ್ಕೆ ಎರಡು ಗಂಟೆಯವರೆಗೆ ತಡವಾಗಬಹುದು, 24 ಗಂಟೆಗೂ ಹಳೆಯದಾದರೆ ಕನಿಷ್ಠ 48 ಗಂಟೆ.

ಈ ನಿಯಮಗಳಿಗೆ ಭಾರತೀಯ ಕಾಲಮಾನ ಸೇರಿದಾಗ ಒಂದು ವಿಚಿತ್ರ ಬಲೆ ನಿರ್ಮಾಣವಾಗುತ್ತದೆ. ಪೈಥಾನ್‌ನಲ್ಲಿ ಯುಟಿಸಿ ಸಮಯವನ್ನು, ಅಂದರೆ ಜಾಗತಿಕ ಪ್ರಮಾಣ ಸಮಯವನ್ನು, ಕಾಲವಲಯದ ಗುರುತಿಲ್ಲದೆ ಪಡೆದು, ಅಮೆಜಾನ್ ಸೇವೆಗಳನ್ನು ಕರೆಯಲು ಬಳಸುವ ಬೋಟೋ3 ಗ್ರಂಥಾಲಯಕ್ಕೆ ಕೊಟ್ಟರೆ, ಅದು ಆ ಸಮಯವನ್ನು ಯಂತ್ರದ ಸ್ಥಳೀಯ ಸಮಯವೆಂದು ಭಾವಿಸುತ್ತದೆ. ಯಂತ್ರದ ಗಡಿಯಾರ ಯುಟಿಸಿಯಲ್ಲಿದ್ದರೆ ಯಾವ ತೊಂದರೆಯೂ ಇಲ್ಲ. ಭಾರತೀಯ ಕಾಲಮಾನದಲ್ಲಿದ್ದರೆ ಪ್ರತಿ ಅಂಕಿಯೂ ಐದೂವರೆ ಗಂಟೆ ಹಿಂದಿನದಾಗಿ ದಾಖಲಾಗುತ್ತದೆ, ಎರಡು ವಾರದ ಮಿತಿಯೊಳಗೇ ಇರುವುದರಿಂದ ದೋಷದ ಸಂದೇಶವೂ ಬರುವುದಿಲ್ಲ, ಕಳೆದ ಮೂರು ಗಂಟೆಗಳ ಗ್ರಾಫ್ ತೆರೆದು ಕುಳಿತವರಿಗೆ ಏನೂ ಕಾಣುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಸ್ಥಳೀಯ ಸಮಯಕ್ಕೆ ಯುಟಿಸಿಯ ಗುರುತು ಹಚ್ಚಿ ಕಳುಹಿಸಿದವರ ಅಂಕಿ ಐದೂವರೆ ಗಂಟೆ ಭವಿಷ್ಯದ್ದಾಗಿ ಕೂಡಲೇ ತಿರಸ್ಕೃತವಾಗುತ್ತದೆ. ಕನಿಷ್ಠಪಕ್ಷ ಅವರಿಗೆ ತಪ್ಪಾಗಿದೆಯೆಂದು ಗೊತ್ತಾಗುತ್ತದೆ. ಗ್ರಾಫಿನ ಅವಧಿಯನ್ನು ಒಂದು ದಿನಕ್ಕೆ ಹಿಗ್ಗಿಸಿ ನೋಡುವ ಅಭ್ಯಾಸ ನನಗೆ ಬಂದದ್ದು ಈ ಕಾರಣಕ್ಕೇ.

ಪ್ರದೇಶ, ಅನುಮತಿ, ನೆಟ್‌ವರ್ಕ್ ಈ ಮೂರನ್ನು ಎಲ್ಲರೂ ಮೊದಲೇ ನೋಡುವುದರಿಂದ ಬೇಗ ಮುಗಿಸುತ್ತೇನೆ. ಮೆಟ್ರಿಕ್‌ಗಳು ಪ್ರದೇಶಕ್ಕೆ, ಅಂದರೆ ಅಮೆಜಾನ್‌ನ ದತ್ತಾಂಶ ಕೇಂದ್ರಗಳಿರುವ ಜಾಗಕ್ಕೆ, ಕಟ್ಟುಬಿದ್ದಿರುತ್ತವೆ. 2022ರಲ್ಲಿ ಹೈದರಾಬಾದ್ ಪ್ರದೇಶ ತೆರೆದ ಮೇಲೆ ಅಲ್ಲಿಗೂ ಮುಂಬೈಗೂ ಸರ್ವರ್‌ಗಳನ್ನು ಹಂಚಿದವರು, ಕನ್ಸೋಲ್‌ನ ಮೇಲ್ತುದಿಯಲ್ಲಿ ಯಾವ ಊರಿನ ಹೆಸರಿದೆಯೆಂದು ಗಮನಿಸಬೇಕು. ಹೊರಗಿನ ಅಂತರ್ಜಾಲಕ್ಕೆ ದಾರಿಯಿಲ್ಲದ ಖಾಸಗಿ ಸಬ್‌ನೆಟ್‌ನಿಂದ ಕಳುಹಿಸುವುದಾದರೆ ಮಾನಿಟರಿಂಗ್ ಸೇವೆಗೆ, ಅಂದರೆ ಕ್ಲೌಡ್‌ವಾಚ್‌ಗೆ, ವಿಪಿಸಿ ಎಂಡ್‌ಪಾಯಿಂಟ್ ಎಂಬ ಪ್ರತ್ಯೇಕ ಒಳದಾರಿ ಬೇಕು. ಕಂಟೇನರ್‌ನೊಳಗಿಂದ ಕಳುಹಿಸುವಾಗ ಸರ್ವರ್‌ಗೆ ಕೀಲಿಗಳನ್ನು ಒದಗಿಸುವ ಇಸಿ2ರ ಮೆಟಾಡೇಟಾ ಸೇವೆಯ ಹಾಪ್ ಮಿತಿ, ಅಂದರೆ ಅದರ ಉತ್ತರ ದಾಟಬಹುದಾದ ಜಾಲದ ಹೆಜ್ಜೆಗಳ ಸಂಖ್ಯೆ, 1 ಆಗಿದ್ದರೆ ಅನುಮತಿಯ ಕೀಲಿಗಳೇ ಒಳಗೆ ತಲುಪದಿರಬಹುದು, ಮತ್ತು ಅದು ಅನುಮತಿಯ ನೀತಿಯಲ್ಲೇ ದೋಷವಿದ್ದಂತೆ ಕಾಣಿಸಿ ದಾರಿ ತಪ್ಪಿಸುತ್ತದೆ.

ಏಜೆಂಟ್ ಬಗ್ಗೆ ನನಗೆ ಮಿಶ್ರ ಅಭಿಪ್ರಾಯವಿದೆ. ಅದು ಸ್ಥಿರವಾದ ತಂತ್ರಾಂಶ. ಅದರ ಲಾಗ್ ಕಡತವನ್ನು ತೆರೆದರೆ ಅನುಮತಿಯ ನಿರಾಕರಣೆಯಂಥ ವಿಷಯಗಳು ಸ್ಪಷ್ಟವಾಗಿ ಬರೆದಿರುತ್ತವೆ. ಆದರೆ ಸಂರಚನೆಯ ಜೇಸನ್ ಕಡತವನ್ನು ತಿದ್ದಿ ಉಳಿಸಿದರೆ ಸಾಲದು, ‘ಫೆಚ್-ಕಾನ್ಫಿಗ್’ ಆಜ್ಞೆಯ ಮೂಲಕ ಅದನ್ನು ಏಜೆಂಟ್‌ಗೆ ಮತ್ತೆ ಓದಿಸಬೇಕು. ತಿದ್ದಿದವರು ತಿದ್ದಿದ್ದೇವೆಂದು ನಂಬಿರುತ್ತಾರೆ, ಏಜೆಂಟ್ ಹಳೆಯದನ್ನೇ ಹಿಡಿದು ನಡೆಯುತ್ತಿರುತ್ತದೆ. ತಂತ್ರಾಂಶದಿಂದ ಏಜೆಂಟ್‌ಗೆ ಅಂಕಿ ದಾಟಿಸುವ ಸ್ಟ್ಯಾಟ್ಸ್‌ಡಿ ವಿಧಾನದಲ್ಲಿ 8125ನೆಯ ಪೋರ್ಟ್‌ಗೆ, ತಲುಪಿತೆಂಬ ಉತ್ತರ ಕೊಡದ ಯುಡಿಪಿ ಮೂಲಕ ಕಳುಹಿಸುವವರಿಗೆ, ಆ ತುದಿಯಲ್ಲಿ ಕೇಳುವವರು ಇದ್ದಾರೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ. ಕೊಟ್ಟವನು ಕೋಡಂಗಿ ಎಂಬ ಗಾದೆ ಯುಡಿಪಿಗೆಂದೇ ಹುಟ್ಟಿದಂತಿದೆ.

ಕರೆ ಬಂದಾಗ ಮಾತ್ರ ಕೋಡ್ ಓಡಿಸುವ ಅಮೆಜಾನ್‌ನ ಲ್ಯಾಂಬ್ಡಾ ಸೇವೆಯಲ್ಲಿ ಹಿನ್ನೆಲೆಯ ಎಳೆಯೊಂದರಿಂದ (ಥ್ರೆಡ್) ಮೆಟ್ರಿಕ್ ಕಳುಹಿಸುವ ಪದ್ಧತಿಯನ್ನು ಬಿಡುವುದೇ ಲೇಸು. ಉತ್ತರ ಹಿಂದಿರುಗಿಸಿದೊಡನೆ ಆ ಪರಿಸರ ಹೆಪ್ಪುಗಟ್ಟಿ, ಕಳುಹಿಸದೆ ಉಳಿದ ಅಂಕಿ ಮುಂದಿನ ಕರೆ ಬರುವವರೆಗೆ ಅಲ್ಲೇ ಕುಳಿತಿರುತ್ತದೆ, ಮುಂದಿನ ಕರೆ ಬಾರದಿದ್ದರೆ ಅದರೊಡನೆಯೇ ಹೋಗುತ್ತದೆ. ಅಂಕಿಯನ್ನು ನಿಗದಿತ ರೂಪದ ಲಾಗ್ ಸಾಲಾಗಿ ಬರೆದು, ಮೆಟ್ರಿಕ್ಕನ್ನು ಕ್ಲೌಡ್‌ವಾಚ್ ತಾನೇ ತೆಗೆದುಕೊಳ್ಳಲು ಬಿಡುವ ಎಂಬೆಡೆಡ್ ಮೆಟ್ರಿಕ್ ಫಾರ್ಮ್ಯಾಟ್ 2019ರಲ್ಲಿ ಬಂದಿತು. ಈ ಇಡೀ ಸೇವೆಯಲ್ಲಿ ನಾನು ಮನಸಾರೆ ಹೊಗಳುವ ಭಾಗ ಅದೇ. ಮೆಟ್ರಿಕ್ ಹುಟ್ಟದಿದ್ದರೂ ಲಾಗ್ ಸಾಲು ಉಳಿದಿರುವುದರಿಂದ ಸಾಕ್ಷ್ಯ ಕೈಯಲ್ಲಿರುತ್ತದೆ. ಜೊತೆಗೆ, ಎಷ್ಟು ಸಾಲುಗಳು ರೂಪ ತಪ್ಪಿದ್ದರಿಂದ ಮೆಟ್ರಿಕ್ ಆಗಲಿಲ್ಲವೆಂಬುದನ್ನು ಲಾಗ್ಸ್ ನೇಮ್‌ಸ್ಪೇಸ್‌ನಲ್ಲಿ ಎಣಿಸಿಯೂ ಇಡುತ್ತದೆ. ಪುಟ್‌ಮೆಟ್ರಿಕ್‌ಡೇಟಾದಲ್ಲಿ ಇಲ್ಲದ ಸ್ವೀಕೃತಿ ಪತ್ರ ಇಲ್ಲಿ ಸಿಗುತ್ತದೆ. ಇದನ್ನು, ಲಾಗ್ ಸಾಲುಗಳಲ್ಲಿ ಹುಡುಕಿ ಎಣಿಸುವ ಹಳೆಯ ಲಾಗ್ ಮೆಟ್ರಿಕ್ ಫಿಲ್ಟರ್‌ಗಳಿಗೆ ಹೋಲಿಸುವವರು ಒಂದು ಸಂಗತಿಯನ್ನು ನೆನಪಿಡಬೇಕು: ಫಿಲ್ಟರ್ ಕಟ್ಟಿದ ಕ್ಷಣದಿಂದ ಮುಂದಕ್ಕೆ ಬರುವ ಸಾಲುಗಳನ್ನಷ್ಟೇ ಅದು ಎಣಿಸುತ್ತದೆ, ಹಿಂದಿನವನ್ನು ಮುಟ್ಟುವುದಿಲ್ಲ.

ಅಲಾರಂ ಕುರಿತು ಎಚ್ಚರಿಕೆ ಅಗತ್ಯ. ದತ್ತಾಂಶ ಬಾರದಿದ್ದಾಗ ಅಲಾರಂ ಏನು ಮಾಡಬೇಕೆಂಬುದಕ್ಕೆ ನಾಲ್ಕು ಆಯ್ಕೆಗಳಿವೆ. ಏನನ್ನೂ ಆರಿಸದಿದ್ದರೆ ಅದು ‘ದತ್ತಾಂಶ ಸಾಲದು’ ಎಂಬ ಸ್ಥಿತಿಗೆ ಹೋಗುತ್ತದೆ, ಆ ಸ್ಥಿತಿಗೆ ನಾವು ಪ್ರತ್ಯೇಕ ಸಂದೇಶ ಏರ್ಪಡಿಸಿಲ್ಲದಿದ್ದರೆ ಯಾರ ಫೋನೂ ರಿಂಗಾಗುವುದಿಲ್ಲ. ‘ಮಿತಿ ಮೀರಿಲ್ಲ’ ಎಂದು ಪರಿಗಣಿಸುವ ಆಯ್ಕೆಯನ್ನು, ರಾತ್ರಿಯ ಅನಗತ್ಯ ಕರೆಗಳಿಂದ ಪಾರಾಗಲು ಬಹಳ ಮಂದಿ ಹಾಕಿಕೊಂಡಿರುತ್ತಾರೆ, ನಾವೂ ಹಾಕಿದ್ದೆವು. ದಸರಾದ ಆ ಸಂಜೆ ಅಂಕಿ ನಿಂತ ಮೇಲೂ ಅಲಾರಂ ಹಸಿರಾಗಿಯೇ ಇತ್ತು. ಗೆರೆ ನಿಂತದ್ದನ್ನು ಕಂಡದ್ದು ಕಾಫಿ ಕುಡಿಯುತ್ತ ಡ್ಯಾಶ್‌ಬೋರ್ಡ್ ನೋಡುತ್ತಿದ್ದ ಒಬ್ಬರು.

ಇದೇ ಕೆಲಸ ಮಾಡುವ ಮುಕ್ತ ತಂತ್ರಾಂಶ ಪ್ರೊಮಿಥಿಯಸ್ ಜೊತೆ ಹೋಲಿಸಿದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಅದು ತಾನೇ ಸರ್ವರ್‌ಗಳ ಬಳಿ ಹೋಗಿ ಅಂಕಿಗಳನ್ನು ತರುತ್ತದೆ. ತರಲು ಆಗದಿದ್ದರೆ ‘ಅಪ್’ ಎಂಬ ಮೆಟ್ರಿಕ್‌ಗೆ ಸೊನ್ನೆ ಬರೆಯುತ್ತದೆ, ಹೀಗಾಗಿ ಗೈರುಹಾಜರಿಯೇ ಒಂದು ಹಾಜರಿಯಾಗುತ್ತದೆ. ಅಲ್ಲಿ ಡೈಮೆನ್ಷನ್‌ನ ಜಾಗದಲ್ಲಿರುವ ಲೇಬಲ್ ಒಂದು ಹೆಚ್ಚಾದರೂ ಹಳೆಯ ಪ್ರಶ್ನೆ ಸಾಮಾನ್ಯವಾಗಿ ಉತ್ತರ ಕೊಡುತ್ತಲೇ ಇರುತ್ತದೆ. ಆದರೆ ಅದನ್ನು ನಡೆಸುವ ಯಂತ್ರ, ಡಿಸ್ಕ್, ನಿರ್ವಹಣೆಯ ಹೊರೆ ಎಲ್ಲವೂ ನಮ್ಮ ತಲೆಯ ಮೇಲೆ. ಮೂವರ ತಂಡಕ್ಕೆ ಅದು ಸಣ್ಣ ಮಾತಲ್ಲ. ಕ್ಲೌಡ್‌ವಾಚ್ ಒಂದು ಗಂಟೆಯ ಮಟ್ಟದ ಅಂಕಿಗಳನ್ನು 455 ದಿನ ಇಟ್ಟುಕೊಳ್ಳುತ್ತದೆ, ಅದಕ್ಕಾಗಿ ನಾವು ಒಂದು ಡಿಸ್ಕನ್ನೂ ಕೊಂಡಿಲ್ಲ. ಹೋದ ವರ್ಷದ ದಸರಾ ದಟ್ಟಣೆಯನ್ನು ಈ ವರ್ಷದ್ದರ ಪಕ್ಕದಲ್ಲಿಟ್ಟು ನೋಡಲು ಅಷ್ಟು ಸಾಕು.

ಬೆಲೆಯ ವಿಷಯದಲ್ಲೂ ಡೈಮೆನ್ಷನ್ನೇ ಯಜಮಾನ. ಉತ್ತರ ವರ್ಜೀನಿಯಾ ಪ್ರದೇಶದ ಪ್ರಕಟಿತ ದರದಲ್ಲಿ ಮೊದಲ 10,000 ಮೆಟ್ರಿಕ್‌ಗಳಿಗೆ ತಿಂಗಳಿಗೆ ತಲಾ 0.30 ಡಾಲರ್. ಮೊದಲ 10 ಉಚಿತ. ಬಳಕೆದಾರರ ಗುರುತಿನ ಸಂಖ್ಯೆಯನ್ನು ಡೈಮೆನ್ಷನ್ ಮಾಡಿ 5,000 ಬಳಕೆದಾರರಿಗೆ ತಿಂಗಳಿಡೀ ಕಳುಹಿಸಿದರೆ ಸುಮಾರು 1,500 ಡಾಲರ್ ಬಿಲ್ ಆಗುತ್ತದೆ. ತಪ್ಪಾಗಿ ಹುಟ್ಟಿಸಿದ ಮೆಟ್ರಿಕ್ಕನ್ನು ಅಳಿಸುವ ಗುಂಡಿ ಇಲ್ಲವೇ ಇಲ್ಲ, 15 ತಿಂಗಳು ಕಾಯಬೇಕು; ಕಳುಹಿಸುವುದನ್ನು ನಿಲ್ಲಿಸಿದ ಗಂಟೆಯಿಂದ ಶುಲ್ಕ ನಿಲ್ಲುತ್ತದೆಂಬುದೊಂದು ಸಮಾಧಾನ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಸರ್ವರ್‌ಗಳೆಲ್ಲ ಅಮೆಜಾನ್‌ನಲ್ಲೇ ಇರುವ ಸಣ್ಣ ತಂಡಗಳಿಗೆ ಇದನ್ನು ಸೂಚಿಸಲು ಹಿಂಜರಿಯುವುದಿಲ್ಲ, ನಾವೂ ಬಿಟ್ಟಿಲ್ಲ. ಈಗ ನಮ್ಮ ಪ್ರತಿ ಸೇವೆಯೂ ನಿಮಿಷಕ್ಕೊಮ್ಮೆ 1 ಎಂಬ ಅಂಕಿಯನ್ನು ಒಂದೇ ಡೈಮೆನ್ಷನ್‌ನೊಡನೆ ಕಳುಹಿಸುತ್ತದೆ, ಅದರ ಅಲಾರಂನಲ್ಲಿ ದತ್ತಾಂಶ ಬಾರದಿದ್ದರೆ ಮಿತಿ ಮೀರಿದಂತೆಯೇ ಪರಿಗಣಿಸಬೇಕೆಂದು ಬರೆದಿಟ್ಟಿದ್ದೇವೆ, ಮತ್ತು ಡೈಮೆನ್ಷನ್ ಸೇರಿಸುವ ಯಾವುದೇ ಕೋಡ್ ಬದಲಾವಣೆ ಡ್ಯಾಶ್‌ಬೋರ್ಡಿನ ಬದಲಾವಣೆಯೊಡನೆ ಜೋಡಿಯಾಗಿಯೇ ಬರಬೇಕು, ಒಂಟಿಯಾಗಿ ಬಂದರೆ ಅದನ್ನು ಹಿಂದಕ್ಕೆ ಕಳುಹಿಸುತ್ತೇವೆ.