ಕಮಡೋರ್ 64ರಲ್ಲಿ ಸೂಪರ್‌ಮಾನ್: ರಿಸ್ಟೋರ್ ಕೀ ಒತ್ತಿದರೆ ಕಥೆ ಮುಗೀತು

ಕಮಡೋರ್ 64 ಎಂಬ ಹಳೆಯ ಮನೆ ಕಂಪ್ಯೂಟರಿನಲ್ಲಿ ಯಂತ್ರಭಾಷೆಯ ಕೋಡಿನ ತಪ್ಪು ಹುಡುಕಲು ಜಿಮ್ ಬಟರ್‌ಫೀಲ್ಡ್ ಬರೆದ ಮಾನಿಟರ್ ಪ್ರೋಗ್ರಾಮು ಸೂಪರ್‌ಮಾನ್ 64, ಅದು ಪುಕ್ಕಟೆ. ಲೋಡ್ ಮಾಡಿ ರನ್ ಕೊಟ್ಟರೆ ಬೇಸಿಕ್ ಭಾಷೆಗೆ ಮೀಸಲಾದ ಮೆಮೊರಿಯ ಮೇಲ್ತುದಿಗೆ ತಾನಾಗೇ ಹೋಗಿ ಕೂರುತ್ತದೆ. ನಮ್ಮ ಕೋಡು 49152ರಲ್ಲಿ, ಅಂದರೆ ಮಾನಿಟರ್ ಬಳಸುವ ಹದಿನಾರರ ಲೆಕ್ಕದ ಸಿ000ದಲ್ಲಿ ಇದ್ದರೆ ಎರಡಕ್ಕೂ ತಕರಾರಿಲ್ಲ.

ತಲೆ ಕೆಡಿಸುವುದು ಒಂದೇ ಒಂದು ಸಂಗತಿ. ಬಿಆರ್‌ಕೆ (ನಿಲ್ಲು ಎನ್ನುವ ಸೂಚನೆ, ಬೈಟ್ 00) ಸಿಕ್ಕಾಗ ಎಲ್ಲಿಗೆ ಹಾರಬೇಕು ಎನ್ನುವ ವಿಳಾಸ ಮೆಮೊರಿಯ 790, 791ನೇ ಜಾಗಗಳಲ್ಲಿರುತ್ತದೆ. ಸೂಪರ್‌ಮಾನ್ ಅಲ್ಲಿ ತನ್ನ ವಿಳಾಸ ಬರೆದಿರುತ್ತದೆ. ಕೋಡು ಸಿಕ್ಕಿಕೊಂಡಿತೆಂದು ರನ್‌ಸ್ಟಾಪ್ ಜೊತೆ ರಿಸ್ಟೋರ್ ಒತ್ತಿದಿರೋ, ಕರ್ನಲ್ (ಯಂತ್ರದೊಳಗೇ ಇರುವ ಮೂಲ ಪ್ರೋಗ್ರಾಮು) ಅದನ್ನು ಅಳಿಸಿ ಹಳೆಯ 65126ನ್ನೇ ಬರೆದುಬಿಡುತ್ತದೆ. ಆಮೇಲೆ ಬಿಆರ್‌ಕೆ ಬಂದರೆ ರಿಜಿಸ್ಟರ್‌ಗಳು (ಪ್ರೊಸೆಸರ್ ಒಳಗಿನ ಅಂಕಿಗಳು) ಕಾಣುವುದಿಲ್ಲ; ಪರದೆ ಖಾಲಿ, ಬರೀ ರೆಡಿ. ಕೋಡೇ ಕೆಟ್ಟಿದೆ ಅಂದುಕೊಂಡು ಇಲ್ಲದ ತಪ್ಪು ಹುಡುಕುವುದು ಶುರು.

ಉಪಾಯ ಸುಲಭ. ಸೂಪರ್‌ಮಾನ್ ಶುರುವಾದ ಕೂಡಲೇ ಎಕ್ಸ್ ಕೊಟ್ಟು ಬೇಸಿಕ್‌ಗೆ ಬಂದು, ಆ ಎರಡು ಜಾಗಗಳನ್ನು ಪೀಕ್ ಮಾಡಿ, ಅಂದರೆ ಓದಿ, ಚೀಟಿಯಲ್ಲಿ ಬರೆದಿಡಿ. ಅನುಮಾನ ಬಂದಾಗ ಮತ್ತೆ ಪೀಕ್ ಮಾಡಿ. 102 ಮತ್ತು 254 ಬಂದರೆ ಕೊಂಡಿ ಕಳಚಿದೆ. ಚೀಟಿಯ ಅಂಕಿಗಳನ್ನು ಅಲ್ಲಿ ಪೋಕ್ ಮಾಡಿದರೆ, ಅಂದರೆ ಬರೆದರೆ, ಸರಿಹೋಯಿತು. ಚೀಟಿ ಕಳೆದರೆ ಮೊದಲಿಂದ ಲೋಡು.

ಬ್ರೇಕ್‌ಪಾಯಿಂಟ್ (ಕೋಡು ನಿಲ್ಲಬೇಕಾದ ಜಾಗದ ಗುರುತು) ಇಡುವುದೂ ಕೈಕೆಲಸವೇ, ಆದರೆ ಅದರಲ್ಲೊಂದು ಸುಖವಿದೆ. ಮೆಮೊರಿ ತೋರಿಸುವ ಎಂ ಆಜ್ಞೆ ಕೊಟ್ಟು ಆ ಸಾಲು ತರಿಸಿ, ಕರ್ಸರ್ ಒಯ್ದು, ಇರುವ ಬೈಟನ್ನು ಬರೆದುಕೊಂಡು, ಮೇಲೆ 00 ಬಡಿದು ರಿಟರ್ನ್. 00 ಬೀಳಬೇಕಾದ್ದು ಸೂಚನೆಯ ಮೊದಲ ಬೈಟಿನ ಮೇಲೆ. ಎ9 05 (ಅಕ್ಯುಮುಲೇಟರ್ ಎಂಬ ರಿಜಿಸ್ಟರ್‌ಗೆ 5 ತುಂಬುವ ಸೂಚನೆ) ಇದ್ದಲ್ಲಿ 05ರ ಮೇಲೆ ಇಟ್ಟರೆ ನಿಲ್ಲುವುದೇ ಇಲ್ಲ, ಅಕ್ಯುಮುಲೇಟರ್‌ಗೆ ಸೊನ್ನೆ ತುಂಬಿಕೊಂಡು ಮುಂದೆ ಹೋಗುತ್ತದೆ. ನಿಂತ ಮೇಲೆ ಹಳೆ ಬೈಟ್ ವಾಪಸ್ ಹಾಕಿ, ಕೋಡು ಓಡಿಸುವ ಜಿ ಆಜ್ಞೆಯ ಜೊತೆ ವಿಳಾಸ ಕೊಟ್ಟೇ ಮುಂದುವರಿಯಿರಿ. 6510 ಪ್ರೊಸೆಸರ್ ವಾಪಸಾಗಲು ಸ್ಟ್ಯಾಕ್‌ನಲ್ಲಿಡುವುದು ಬಿಆರ್‌ಕೆಯ ವಿಳಾಸಕ್ಕೆ 2 ಕೂಡಿಸಿದ್ದನ್ನು, ಅದನ್ನು ನಂಬಿ ಹೊರಟರೆ ಸೂಚನೆಯ ನಡುವೆ ಬೀಳುವ ಸಾಧ್ಯತೆ ಇದೆ.

ಕರ್ನಲ್ ಇರುವ ರೋಮ್ (ಅಳಿಸಲಾಗದ ಮೆಮೊರಿ) ಮರೆಮಾಡುವ ಕೋಡಿಗೆ (ಸ್ಥಾನ 1ರಲ್ಲಿ 53 ಬರೆಯುವಂಥದ್ದು) ಸೂಪರ್‌ಮಾನ್ ಉಪಯೋಗಕ್ಕಿಲ್ಲ. ಆಗ ಪ್ರೊಸೆಸರ್ ನೇರ ರ‍್ಯಾಮ್‌ನ 65534ನ್ನೇ ನೋಡುತ್ತದೆ, 790ರ ಕಡೆ ತಲೆಯೇ ಹಾಕುವುದಿಲ್ಲ. ಅಂಥದ್ದಕ್ಕೆ ಯಂತ್ರವನ್ನು ಇದ್ದಲ್ಲೇ ನಿಲ್ಲಿಸುವ ಫ್ರೀಜ್ ಬಟನ್ ಇರುವ ಕಾರ್ಟ್ರಿಡ್ಜ್ ಬೇಕು, ಅದಕ್ಕೆ ದುಡ್ಡೂ ಬೇಕು. ಆದರೂ 54272ರಿಂದ ಶುರುವಾಗುವ ಸಿಡ್ ಎಂಬ ಧ್ವನಿ ಚಿಪ್ಪಿನ ರಿಜಿಸ್ಟರ್‌ಗಳು ಬಹುಪಾಲು ಬರೆಯಲಿಕ್ಕೆ ಮಾತ್ರ. ಅಲ್ಲೇನಿತ್ತೆಂದು ಓದಿ ತಿಳಿಯುವ ದಾರಿ ಕಾರ್ಟ್ರಿಡ್ಜಿಗೂ ಇಲ್ಲ.

ಪಿಸಿ ಇದ್ದವರಿಗೆ ಪಿಸಿಯಲ್ಲೇ ಕಮಡೋರನ್ನು ಅನುಕರಿಸುವ ವೈಸ್ ಎಮ್ಯುಲೇಟರಿನ ಮಾನಿಟರ್ ಸಾಕು, ಅದೂ ಪುಕ್ಕಟೆ. ಅಂಚಿನ ಬಣ್ಣ ಯಾರು ಬದಲಿಸಿದರು ಅಂತ ಗೊತ್ತಾಗಬೇಕೇ? ವಾಚ್ ಸ್ಟೋರ್ ಡಿ020 ಎಂದರೆ ಕೈಗೆ ಸಿಗುತ್ತದೆ. ಮೆಚ್ಚುಗೆಯಾದದ್ದು ಸೈಡ್‌ಎಫ್‌ಎಕ್ಸ್ ಆಫ್, ಅಂದರೆ ಓದುವುದರ ಅಡ್ಡಪರಿಣಾಮ ಬಂದ್. ಅಸಲಿ ಯಂತ್ರದಲ್ಲಿ 56333ನ್ನು ಸುಮ್ಮನೆ ಇಣುಕಿದರೂ ಇಂಟರಪ್ಟ್ ಗುರುತು ಅಳಿಸಿಹೋಗುತ್ತದೆ, 53278ರ ಸ್ಪ್ರೈಟ್ ಡಿಕ್ಕಿಯ ಗುರುತೂ ಹಾಗೇ. ಇಲ್ಲಿ ನೋಡಿದರೆ ಏನೂ ಅಲುಗದು.

ಆದರೂ ಅಸಲಿ ಯಂತ್ರದ ಪಕ್ಕದ ಡಿಸ್ಕಿನಲ್ಲಿ ಸೂಪರ್‌ಮಾನ್ ಇದ್ದೇ ಇದೆ, ಲೇಬಲ್ ಮೇಲೆ ಪೆನ್ಸಿಲಿನಲ್ಲಿ ಆ ಎರಡು ಅಂಕಿಗಳ ಸಮೇತ.