ಟೆಕ್ಕನ್, ಸ್ಟ್ರೀಟ್ ಫೈಟರ್, ಮಾರ್ಟಲ್ ಕಾಂಬ್ಯಾಟ್: ನನ್ನ ಓಟು ಟೆಕ್ಕನ್‌ಗೆ

ತುಮಕೂರಿನ ಬಿ.ಎಚ್. ರಸ್ತೆ ಹತ್ತಿರದ ಒಂದು ಗೇಮ್ ಅಂಗಡಿಯಲ್ಲಿ ನಾನು ಮೊದಲು ಆಡಿದ ಫೈಟಿಂಗ್ ಗೇಮ್ ಟೆಕ್ಕನ್ 3. ಶಾಲೆ ಬಿಟ್ಟ ಕೂಡಲೇ ಅಣ್ಣನ ಜೊತೆ ಅಲ್ಲಿಗೆ ಓಡುತ್ತಿದ್ದೆ. ಆಮೇಲೆ ಬೇರೆ ಸರಣಿಗಳನ್ನೂ ಸಾಕಷ್ಟು ಆಡಿದ್ದೇನೆ. ಆದರೂ ಯಾವುದು ಬೆಸ್ಟ್ ಅಂತ ಕೇಳಿದರೆ ಈಗಲೂ ಟೆಕ್ಕನ್ ಅಂತಲೇ ಹೇಳುತ್ತೇನೆ.

ಇರುವುದು ನಾಲ್ಕೇ ಬಟನ್. ಎಡಗೈ, ಬಲಗೈ, ಎಡಗಾಲು, ಬಲಗಾಲು, ಒಂದೊಂದಕ್ಕೆ ಒಂದೊಂದು. ಹೊಸಬರಿಗೂ ಬೇಗ ಅರ್ಥವಾಗುತ್ತದೆ. ಎಡ್ಡಿ ಅನ್ನುವ ಪಾತ್ರವನ್ನು ಆರಿಸಿಕೊಂಡು ಸುಮ್ನೆ ಕಾಲಿನ ಬಟನ್ ಒತ್ತುತ್ತಾ ಹೋದರೂ ಕಪೋಯೆರಾ (ಬ್ರೆಜಿಲ್‌ನ ಕಾದಾಟದ ಕಲೆ) ಒದೆಗಳು ಬೀಳುತ್ತಲೇ ಇರುತ್ತವೆ, ಆದರೆ ಎದುರಿನವರಿಗೆ ಆಟ ಗೊತ್ತಿದ್ದರೆ ಅಷ್ಟು ಸಾಲದು, ತಡೆಯುವುದು, ಪಕ್ಕಕ್ಕೆ ಸರಿಯುವುದು, ಗಾಳಿಗೆ ಎತ್ತಿ ಹೊಡೆಯುವುದು ಎಲ್ಲ ಕಲಿಯಲೇಬೇಕು. ನನಗೆ ತುಂಬಾ ಹಿಡಿಸಿದ್ದು ಇದೇ. ಕಥೆಯೂ ಗಟ್ಟಿ. ಹೈಹಾಚಿ ತನ್ನ ಮಗ ಕಜುಯಾನನ್ನೇ ಬೆಟ್ಟದ ತುದಿಯಿಂದ ಎಸೆದ ಆ ಮನೆ ಜಗಳ 1994ರ ಮೊದಲ ಆಟದಿಂದ 2024ರ ಟೆಕ್ಕನ್ 8ರವರೆಗೂ ಬೆಳೆದಿದೆ.

ಸ್ಟ್ರೀಟ್ ಫೈಟರ್ ಬಗ್ಗೆ ಗೌರವ ಇದ್ದೇ ಇದೆ. 1991ರ ಎರಡನೇ ಭಾಗವೇ ಅಲ್ವಾ ಇವಕ್ಕೆಲ್ಲ ದಾರಿ ಮಾಡಿಕೊಟ್ಟಿದ್ದು? ಆರು ಬಟನ್ ಕಷ್ಟ ಅನ್ನುವವರಿಗೆ 2023ರ ಆರನೇ ಭಾಗದಲ್ಲಿ 'ಮಾಡರ್ನ್' ಅನ್ನುವ ಸುಲಭ ಕಂಟ್ರೋಲ್ ಇದೆ. ಒಬ್ಬರೇ ಆಡುವವರು ಅದನ್ನೇ ತಗೊಳ್ಳಿ, ಅದರಲ್ಲಿ ಒಬ್ಬರೇ ಆಡುವ 'ವರ್ಲ್ಡ್ ಟೂರ್' ಅನ್ನುವ ಕಥೆಯ ಭಾಗ ಚೆನ್ನಾಗಿದೆ.

ಮಾರ್ಟಲ್ ಕಾಂಬ್ಯಾಟ್‌ನಲ್ಲಿ ರಕ್ತ ಜಾಸ್ತಿ. ಚಿಕ್ಕ ಮಕ್ಕಳಿರುವ ಮನೆಗೆ ಬೇಡ.

ಟೆಕ್ಕನ್ 8 ಹಳೆಯ ಗೇಮ್ ಕನ್ಸೋಲ್ ಆದ ಪಿಎಸ್4ರಲ್ಲಿ (ಪ್ಲೇಸ್ಟೇಷನ್ 4) ಓಡುವುದಿಲ್ಲ, ದುಡ್ಡು ಕೊಡುವ ಮುಂಚೆ ನೋಡಿಕೊಳ್ಳಿ. ಆ ಕನ್ಸೋಲ್ ಇದ್ದರೆ ಟೆಕ್ಕನ್ 7 ತಗೊಳ್ಳಿ, ಇಬ್ಬರು ಆಡಲು ಇನ್ನೊಂದು ಕಂಟ್ರೋಲರ್ ಮಾತ್ರ ಮರೆಯಬೇಡಿ.